ಕಡಲ ತಡಿಯನ್ನು ಬಿಟ್ಟು ನದಿಯೊಳಗೆ ಹೊಕ್ಕ ಊರುಗಳು

ಪ್ರಶ್ನೆ: ಬೋರ್ನಿಯೋ ದ್ವೀಪದ ಸುತ್ತಲೂ ಸಮುದ್ರವಿದೆ. ಆದರೂ ನಕ್ಷೆಯಲ್ಲಿ ಪೊಂಟಿಯಾನಕ್, ಬಂಜರ್‌ಮಾಸಿನ್, ಸಮರಿಂಡಾ, ಕುಚಿಂಗ್ ಮುಂತಾದ ದೊಡ್ಡ ಊರುಗಳು ಕರಾವಳಿಯಲ್ಲಿ ಇರದೆ ನದಿಯ ಗುಂಟ ಒಳನಾಡಿನಲ್ಲಿ ಕಾಣುತ್ತವೆ. ಇದಕ್ಕೆ ಕಾರಣವೇನು? ಅಲ್ಲಿಯವರು ನೀರಿನ ಮೇಲೆಯೇ ಮನೆ ಕಟ್ಟುತ್ತಾರೆಂಬುದು ನಿಜವೆ?

ಉತ್ತರ: ತಾವು ಗಮನಿಸಿದ್ದು ಸರಿಯಾಗಿದೆ. ಆ ದ್ವೀಪದ ಕರಾವಳಿಯ ಬಹುಭಾಗ ಕಾಂಡ್ಲಾ ಕಾಡು ಮತ್ತು ಕೆಸರಿನ ಜೌಗು. ಕಾಲಿಟ್ಟರೆ ಹೂತುಹೋಗುವ ಆ ನೆಲದಲ್ಲಿ ಊರು ಕಟ್ಟುವುದು ಕಷ್ಟ, ಕುಡಿಯುವ ಸಿಹಿನೀರೂ ಸುಲಭವಾಗಿ ಸಿಗದು. ಆದರೆ ನೆಲದ ದೋಷಕ್ಕಿಂತ ವ್ಯಾಪಾರದ ಲೆಕ್ಕಾಚಾರವೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. ಕರ್ಪೂರ, ಬೆತ್ತ, ರಾಳ, ಜೇನುಮೇಣ, ಚಿನ್ನ ಎಲ್ಲವೂ ದ್ವೀಪದ ನಡುವಿನ ಕಾಡುಗಳಿಂದಲೇ ಬರಬೇಕಾಗಿತ್ತು, ಮತ್ತು ದಟ್ಟವಾದ ಆ ಕಾಡಿನಲ್ಲಿ ನದಿಯ ಹೊರತು ಬೇರೆ ದಾರಿಯಿರಲಿಲ್ಲ. ಭರತದ ನೀರಿನೊಡನೆ ಕಡಲಿನ ಹಡಗು ಎಲ್ಲಿಯವರೆಗೆ ಏರಿಬರಬಲ್ಲದೋ, ಕಾಡಿನ ಸರಕು ಹೊತ್ತ ದೋಣಿ ಎಲ್ಲಿಗೆ ಇಳಿದುಬರುವುದೋ, ಅಲ್ಲಿ ಸಂತೆ ನೆರೆಯಿತು. ಸುಂಕದ ಆಸೆಯಿಂದ ಅರಸನೂ ಅಲ್ಲಿಯೇ ನೆಲೆಯೂರಿದ. ಎರಡು ನದಿಗಳು ಕೂಡುವ ಸ್ಥಳವಾದರೆ ಲಾಭ ಇಮ್ಮಡಿ. 1771ರಲ್ಲಿ ಸ್ಥಾಪನೆಯಾದ ಪೊಂಟಿಯಾನಕ್ ಅಂಥದೇ ಜಾಗದಲ್ಲಿದೆ. ಸುಮಾರು 1,143 ಕಿ.ಮೀ. ಹರಿಯುವ, ಇಂಡೋನೇಷ್ಯಾದ ಅತಿ ಉದ್ದದ ನದಿಯಾದ ಕಪುವಾಸ್‌ಗೆ ಲಂಡಕ್ ನದಿ ಬಂದು ಸೇರುವುದು ಅಲ್ಲಿಯೇ. ಭೂಮಧ್ಯರೇಖೆಯೂ ಆ ಊರಿನ ಮೇಲೆಯೇ ಹಾದುಹೋಗುತ್ತದೆ.

ಈ ಪದ್ಧತಿ ತೀರ ಹಳೆಯದು. ದ್ವೀಪದ ಪೂರ್ವಭಾಗದ ಮಹಕಾಮ್ ನದಿಯ ಮೇಲ್ಗಡೆ ಮುವಾರಾ ಕಾಮನ್ ಎಂಬಲ್ಲಿ ಸುಮಾರು ಕ್ರಿ.ಶ. 400ರ ಏಳು ಕಲ್ಲಿನ ಯೂಪಸ್ತಂಭಗಳು, ಅಂದರೆ ಯಜ್ಞದ ಕಂಬಗಳು, ದೊರೆತಿವೆ. ಪಲ್ಲವ ಲಿಪಿಯ ಸಂಸ್ಕೃತ ಶಾಸನಗಳಿರುವ ಆ ಕಂಬಗಳಲ್ಲಿ ಒಂದು, ಮೂಲವರ್ಮನೆಂಬ ಅರಸನು ಬ್ರಾಹ್ಮಣರಿಗೆ ಇಪ್ಪತ್ತು ಸಾವಿರ ಗೋವುಗಳನ್ನು ದಾನವಿತ್ತನೆಂದು ಹೇಳುತ್ತದೆ. ಸಂಖ್ಯೆಯನ್ನು ಅಕ್ಷರಶಃ ನಂಬಬೇಕಿಲ್ಲ. ನಮ್ಮ ಪ್ರಶ್ನೆಗೆ ಮುಖ್ಯವಾದುದು ಊರಿನ ಹೆಸರು: ಮುವಾರಾ ಎಂದರೆ ನದಿಯ ಬಾಯಿ, ಇಲ್ಲಿ ಉಪನದಿಯೊಂದು ಮಹಕಾಮನ್ನು ಕೂಡುವ ಸ್ಥಳ. ಎಲ್ಲ ಊರುಗಳೂ ಹೀಗೆಯೇ ಹುಟ್ಟಿದವೆಂದಲ್ಲ. 1897ರಲ್ಲಿ ಎಣ್ಣೆ ಸಿಕ್ಕ ಮೇಲೆ ಬೆಳೆದ ಬಾಲಿಕ್‌ಪಾಪನ್ ಕಡಲ ಕೊಲ್ಲಿಯ ದಡದಲ್ಲಿಯೇ ಇದೆ.

ನೀರಿನ ಮೇಲಿನ ಮನೆಗಳ ಮಾತೂ ನಿಜವೇ. ಅವು ಎರಡು ಬಗೆಯವು. ಮೊದಲನೆಯದು ಕಂಬಗಳ ಮೇಲಿನ ಮನೆ. ಅದಕ್ಕೆ ಉಲಿನ್ ಎಂಬ ಮರ ಶ್ರೇಷ್ಠ. ನೀರಿಗೆ ಹಾಕಿದರೆ ಮುಳುಗುವಷ್ಟು ಭಾರವಾದ ಅದು ಕೆಸರಿನಲ್ಲಿ ದಶಕಗಳ ಕಾಲ ನಿಂತರೂ ಸುಲಭವಾಗಿ ಕೊಳೆಯದು. ಎರಡನೆಯದು ಬಂಜರ್‌ಮಾಸಿನ್ ಕಡೆಯವರು ಲಂಟಿಂಗ್ ಎಂದು ಕರೆಯುವ ತೇಲುಮನೆ: ದಪ್ಪ ದಿಮ್ಮಿಗಳ ತೆಪ್ಪದ ಮೇಲೆ ಹಲಗೆಯ ಕೋಣೆ ಕಟ್ಟಿ, ದಡಕ್ಕೆ ಹಗ್ಗದಿಂದ ಬಿಗಿದಿರುತ್ತಾರೆ. ಭರತ ಬಂದಾಗ ಒಲೆ, ಹಾಸಿಗೆ, ಮಗುವಿನ ತೊಟ್ಟಿಲು ಸಮೇತ ಮನೆಯೇ ಮೇಲೇಳುತ್ತದೆ, ಇಳಿತದಲ್ಲಿ ಕೆಳಗಿಳಿಯುತ್ತದೆ. ದ್ವೀಪದ ಉತ್ತರ ಕರಾವಳಿಯ ಬ್ರೂನೈ ದೇಶದ ಕಂಪೊಂಗ್ ಆಯೆರ್, ಅಂದರೆ ನೀರಿನ ಊರು, ಮೊದಲ ಬಗೆಯದು. 1521ರಲ್ಲಿ ಮೆಗೆಲ್ಲನನ ಹಡಗುಗಳೊಡನೆ ಅಲ್ಲಿಗೆ ಬಂದ ಇಟಲಿಯ ಪ್ರವಾಸಿ ಪಿಗಫೆಟ್ಟಾ, ಅರಸನ ಅರಮನೆ ಮತ್ತು ಕೆಲವು ಮುಖ್ಯಸ್ಥರ ಮನೆಗಳ ಹೊರತು ಊರೆಲ್ಲ ನೀರಿನಲ್ಲಿದೆಯೆಂದೂ ಭರತದ ಹೊತ್ತಿನಲ್ಲಿ ಹೆಂಗಸರು ದೋಣಿಯಲ್ಲಿ ಬಂದು ದಿನಬಳಕೆಯ ಸಾಮಾನು ಮಾರುತ್ತಾರೆಂದೂ ಬರೆದಿಟ್ಟಿದ್ದಾನೆ.

ಅದೇ ದ್ವೀಪದ ದಕ್ಷಿಣ ತುದಿಯಲ್ಲಿ, ಬಂಜರ್‌ಮಾಸಿನ್ ಬಳಿಯ ಮಾರ್ತಾಪುರ ನದಿಯಲ್ಲಿ ನಡೆಯುವ ಲೋಕ್ ಬಾಯಿಂಟಾನ್ ಸಂತೆಯಲ್ಲಿ ಇಂದಿಗೂ ಮಾರುವವರು ಹೆಚ್ಚಾಗಿ ಹೆಂಗಸರೇ. ಜುಕುಂಗ್ ಎಂಬ ಸಣ್ಣ ದೋಣಿಯಲ್ಲಿ ಹಣ್ಣು, ತರಕಾರಿ ತುಂಬಿ, ತಾಂಗ್ಗುಯಿ ಎಂಬ ಅಗಲವಾದ ಟೊಪ್ಪಿ ಧರಿಸಿ, ತಾವೇ ಹುಟ್ಟು ಹಾಕುತ್ತಾ ಬರುತ್ತಾರೆ. ಬರಿತೋ ನದಿಯ ಕಡೆಗಿದ್ದ ಹಳೆಯ ಮುವಾರಾ ಕುವಿನ್ ಸಂತೆ ಮಾತ್ರ ಬಹಳ ಸೊರಗಿದೆ. ರಸ್ತೆ ಬಂದ ಮೇಲೆ ಸರಕು ಲಾರಿ ಏರಿತು, ನದಿಗೆ ಮುಖಮಾಡಿದ್ದ ಮನೆಗಳ ಜಾಗದಲ್ಲಿ ರಸ್ತೆಗೆ ಮುಖಮಾಡಿದ ಮನೆಗಳೆದ್ದವು. ಲೋಕ್ ಬಾಯಿಂಟಾನ್ ಸಂತೆಯನ್ನು ನೋಡುವ ಆಸೆ ತಮಗಿದ್ದರೆ ಬಂಜರ್‌ಮಾಸಿನ್‌ನಲ್ಲಿ ಬೆಳಕು ಹರಿಯುವ ಮೊದಲೇ ದೋಣಿ ಹತ್ತಬೇಕು, ಏಕೆಂದರೆ ಬಿಸಿಲೇರುವ ಹೊತ್ತಿಗೆ ಸಂತೆ ಚದುರಿರುತ್ತದೆ.