ರೋವರ್ ಕ್ಯಾಮೆರಾ ಇರುವುದು ಮೊದಲು ದೂರ ಅಳೆಯೋಕೆ, ಆಮೇಲೆ ಫೋಟೋಗೆ

ನಿಮ್ಮ ಪ್ರಶ್ನೆ ಇದು: ಫೋನಿನಲ್ಲೇ 50 ಮೆಗಾಪಿಕ್ಸೆಲ್ ಇರುವಾಗ ಚಂದ್ರ, ಮಂಗಳಕ್ಕೆ ಹೋದ ರೋವರ್‌ಗಳಲ್ಲಿ ಒಂದೆರಡು ಮೆಗಾಪಿಕ್ಸೆಲ್‌ನ, ಅದೂ ಕಪ್ಪು-ಬಿಳುಪು ಕ್ಯಾಮೆರಾ ಯಾಕೆ? ಡಿಸೈನ್ ಮಾಡುವವರು ಮೊದಲು ಏನು ನೋಡುತ್ತಾರೆ? ನಾನು ಬಾಹ್ಯಾಕಾಶ ಸಂಸ್ಥೆಯವನಲ್ಲ. ಹೊಲದಲ್ಲಿ ತಾವೇ ಓಡಾಡುವ ಸಣ್ಣ ಯಂತ್ರಗಳಿಗೆ ಜೋಡಿ ಕ್ಯಾಮೆರಾ ಕೂರಿಸುವುದು ನನ್ನ ಕೆಲಸ. ಆದರೆ ಲೆಕ್ಕ ಎರಡೂ ಕಡೆ ಒಂದೇ. ಹಾಗಾಗಿ ರೋವರ್ ಕ್ಯಾಮೆರಾ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ.

2023ರ ಆಗಸ್ಟ್ 27ರಂದು ಚಂದ್ರನ ಮೇಲೆ ಚಂದ್ರಯಾನ-3ರ ಪ್ರಗ್ಯಾನ್ ರೋವರ್‌ಗೆ 4 ಮೀಟರ್ ಅಗಲದ ಕುಳಿಯೊಂದು ಎದುರಾಯಿತು. ಅದು ಇದ್ದಿದ್ದು 3 ಮೀಟರ್ ಮುಂದೆ. ಬಂದ ದಾರಿಯಲ್ಲೇ ವಾಪಸ್ ಹೋಗು ಅಂತ ಭೂಮಿಯಿಂದ ಆಜ್ಞೆ ಹೋಯಿತು. ಆ ಕುಳಿಯನ್ನು ಕಂಡಿದ್ದು ರೋವರ್ ಮುಂಭಾಗದ ನ್ಯಾವಿಗೇಶನ್ ಕ್ಯಾಮೆರಾಗಳು. ಅವನ್ನು ಮಾಡಿದ್ದು ಬೆಂಗಳೂರಿನಲ್ಲಿರುವ ಇಸ್ರೋದ ಪ್ರಯೋಗಾಲಯ ಲಿಯೋಸ್. ಎರಡು ಕ್ಯಾಮೆರಾಗಳ ಚಿತ್ರ ಭೂಮಿಗೆ ಬಂದು, ಅವುಗಳಿಂದ ನೆಲದ ಏರುತಗ್ಗಿನ ನಕ್ಷೆ ತಯಾರಾಗಿ, ಆಮೇಲೆ ಚಕ್ರ ಎತ್ತ ತಿರುಗಬೇಕು ಅಂತ ತೀರ್ಮಾನ ಆಗುತ್ತದೆ. ಅಂದರೆ ಆ ಚಿತ್ರ ಉತ್ತರ ಕೊಡಬೇಕಾದ ಪ್ರಶ್ನೆ ಒಂದೇ: ಗುಂಡಿ ಎಷ್ಟು ದೂರ, ಎಷ್ಟು ಆಳ? ಚಿತ್ರ ಚೆಂದ ಇದೆಯಾ ಅನ್ನುವುದು ಆಮೇಲಿನ ಮಾತು.

ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿ ನೋಡಿ. ದಾರ ಸೂಜಿಯ ಮುಂದೆಯೋ ಹಿಂದೆಯೋ ಹೋಗುತ್ತದೆ, ಕಣ್ಣಿಗೆ ಮಾತ್ರ ಸರಿಯಾಗೇ ಕಾಣುತ್ತದೆ. ದೂರ ತಿಳಿಯೋಕೆ ಎರಡು ಕಣ್ಣು ಬೇಕು, ಅವುಗಳ ನಡುವೆ ಅಂತರವೂ ಬೇಕು. ಮಂಗಳದಲ್ಲಿರುವ ನಾಸಾದ ಕ್ಯೂರಿಯಾಸಿಟಿ ರೋವರ್‌ನ ಕಂಬದ ಮೇಲಿನ ಜೋಡಿ ಕ್ಯಾಮೆರಾಗಳ ನಡುವೆ ಸುಮಾರು 42 ಸೆಂ.ಮೀ. ಇದೆ. ನೋಟದ ಅಗಲ 45 ಡಿಗ್ರಿ. ಚಿತ್ರ 1024 x 1024, ಅಂದರೆ ಒಂದೇ ಮೆಗಾಪಿಕ್ಸೆಲ್. ಒಂದೇ ಕಲ್ಲು ಎರಡು ಚಿತ್ರಗಳಲ್ಲಿ ಎಷ್ಟು ಸರಿದು ಕಾಣುತ್ತದೆ ಅನ್ನುವುದರಿಂದ ಅದರ ದೂರ ಸಿಗುತ್ತದೆ. ಎರಡೂ ಚಿತ್ರಗಳನ್ನು ಹೊಂದಿಸುವಾಗ ಕಾಲು ಪಿಕ್ಸೆಲ್ ತಪ್ಪಾಯಿತು ಅಂತ ಇಟ್ಟುಕೊಂಡು ನಾನೇ ಲೆಕ್ಕ ಹಾಕಿದೆ. 5 ಮೀಟರ್ ದೂರದ ಕಲ್ಲಿಗೆ ತಪ್ಪು ಸುಮಾರು 1.2 ಸೆಂ.ಮೀ. ಅದೇ ಕಲ್ಲು 50 ಮೀಟರ್ ದೂರ ಇದ್ದರೆ ತಪ್ಪು 1.2 ಮೀಟರ್! ದೂರ ಹತ್ತು ಪಟ್ಟು ಆದರೆ ತಪ್ಪು ನೂರು ಪಟ್ಟು. ರೋವರ್ ಒಂದು ಸಲಕ್ಕೆ ಎಷ್ಟು ದೂರ ಧೈರ್ಯವಾಗಿ ಹೋಗಬಹುದು ಅನ್ನುವುದನ್ನು ಈ ಲೆಕ್ಕವೇ ಹಿಡಿದಿಟ್ಟುಕೊಂಡಿರುತ್ತದೆ. ಕಣ್ಣುಗಳ ಅಂತರ ಹೆಚ್ಚಾದಷ್ಟೂ ಈ ತಪ್ಪು ಕಡಿಮೆ. ಹಾಗಾಗಿ ಮೆಗಾಪಿಕ್ಸೆಲ್‌ಗಿಂತ ಮೊದಲು ಕೂತು ಯೋಚಿಸಬೇಕಾದ್ದು ಎರಡು ಕಣ್ಣುಗಳ ಅಂತರ.

ಹಾಗಾದರೆ ಒಂದು ಮೀಟರ್ ಅಂತರ ಇಟ್ಟುಬಿಡಬಹುದಲ್ವಾ? ಇಡಬಹುದು. ಆದರೆ ಚಕ್ರದ ಹತ್ತಿರದ ಕಲ್ಲು ಆಗ ಒಂದು ಕ್ಯಾಮೆರಾಗೆ ಮಾತ್ರ ಕಾಣುತ್ತದೆ. ಇನ್ನೊಂದು ತೊಂದರೆ ನನ್ನ ಕೈಯಾರೆ ಅನುಭವಿಸಿದ್ದು. ನಮ್ಮ ಒಂದು ಯಂತ್ರದಲ್ಲಿ ಎರಡು ಕ್ಯಾಮೆರಾ 20 ಸೆಂ.ಮೀ. ಅಂತರದಲ್ಲಿ ಒಂದೇ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಕೂತಿದ್ದವು. ಬೆಳಿಗ್ಗೆ ಚದುರಂಗದ ಮನೆಯ ಹಾಳೆ ಹಿಡಿದು ಕ್ಯಾಲಿಬ್ರೇಶನ್ (ಎರಡೂ ಕ್ಯಾಮೆರಾಗಳ ಅಳತೆ ಹೊಂದಿಸುವುದು) ಮಾಡಿದ್ದೆ. ಎಲ್ಲ ಸರಿ ಇತ್ತು. ಮಧ್ಯಾಹ್ನ ಬಿಸಿಲೇರಿದ ಮೇಲೆ ಬದುವಿಗೆ ಟೇಪ್ ಹಿಡಿದರೆ ಸರಿಯಾಗಿ 5 ಮೀಟರ್, ಯಂತ್ರ ಹೇಳುತ್ತಿದ್ದದ್ದು 5 ಮೀಟರ್ 13 ಸೆಂ.ಮೀ. ಎರಡು ದಿನ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕಿದೆ. ತಪ್ಪು ಇದ್ದಿದ್ದು ಪಟ್ಟಿಯಲ್ಲಿ. ಒಂದು ತುದಿಗೆ ಬಿಸಿಲು, ಇನ್ನೊಂದಕ್ಕೆ ನೆರಳು, ಪಟ್ಟಿ ಸ್ವಲ್ಪ ಬಾಗಿ ಒಂದು ಕ್ಯಾಮೆರಾ ಹೊರಳಿತ್ತು. ಎಷ್ಟು ಹೊರಳಿತ್ತು? 4 ಸೆಂ.ಮೀ. ಉದ್ದದ ಅದರ ಪಾದದ ಒಂದು ತುದಿ 0.04 ಮಿ.ಮೀ. ಸರಿದರೆ ಸಾಕು. ಕೂದಲೆಳೆಯಷ್ಟೂ ಇಲ್ಲ! ನಮ್ಮದು ಇಲ್ಲಿನ ಮಾಮೂಲಿ ಬಿಸಿಲು. ಮಂಗಳದಲ್ಲಿ ಹಗಲು ರಾತ್ರಿ ನಡುವೆ ಸುಮಾರು 70 ಡಿಗ್ರಿ ವ್ಯತ್ಯಾಸ. ಅಲ್ಲಿಗೆ ಹೋಗಿ ಸ್ಕ್ರೂ ಬಿಗಿ ಮಾಡುವವರು ಯಾರೂ ಇಲ್ಲ. ಅದಕ್ಕೇ ನನ್ನ ಕಣ್ಣಿಗೆ ರೋವರ್ ಕ್ಯಾಮೆರಾದಲ್ಲಿ ಸೆನ್ಸರ್‌ಗಿಂತ ದೊಡ್ಡ ಕೆಲಸ ಅಂದರೆ ಅದು ಕೂತಿರುವ ಬ್ರಾಕೆಟ್. ಅದರ ಬಗ್ಗೆ ಬರೆಯುವವರು ಕಡಿಮೆ, ಅದೇ ಬೇಜಾರು.

ಆಮೇಲೆ ಬೆಳಕು. ಇದನ್ನು ನೀವು ಮನೆಯಲ್ಲೇ ನೋಡಬಹುದು. ರಾತ್ರಿ ತಾರಸಿ ಮೇಲೆ ಒಂದು ಬಾಂಡ್ಲಿ ಮರಳು ಸುರಿದು, ನಾಲ್ಕು ಜಲ್ಲಿಕಲ್ಲು ಇಟ್ಟು, ಬೇರೆ ದೀಪ ಎಲ್ಲ ಆರಿಸಿ. ಟಾರ್ಚನ್ನು ಫೋನಿನ ಕ್ಯಾಮೆರಾಗೆ ತಾಗಿಸಿ, ಅದು ನೋಡುವ ಕಡೆಗೇ ಹಿಡಿದು ಫೋಟೋ ತೆಗೆಯಿರಿ. ಕಲ್ಲಿನ ನೆರಳು ಕಲ್ಲಿನ ಹಿಂದೆಯೇ ಅಡಗಿಬಿಡುತ್ತದೆ. ಮರಳೆಲ್ಲ ಬಳಿದ ಗೋಡೆಯ ಹಾಗೆ ಚಪ್ಪಟೆ. ಎರಡು ಚಿತ್ರ ಹೊಂದಿಸೋಕೆ ಗುರುತೇ ಸಿಗುವುದಿಲ್ಲ, ದೂರದ ನಕ್ಷೆಯಲ್ಲಿ ಅಲ್ಲೆಲ್ಲ ಖಾಲಿ. ಈಗ ಟಾರ್ಚನ್ನು ಪಕ್ಕದಿಂದ, ನೆಲದ ಮಟ್ಟಕ್ಕೆ ತನ್ನಿ. ಒಂದೊಂದು ಕಾಳೂ ಎದ್ದು ಕಾಣುತ್ತದೆ. ಆದರೆ ಕಲ್ಲಿನ ನೆರಳಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ. ಅಲ್ಲಿ ಗುಂಡಿಯೂ ಇರಬಹುದು. ಚಂದ್ರನಲ್ಲಿ ಗಾಳಿಯೇ ಇಲ್ಲ, ಹಾಗಾಗಿ ನೆರಳಿಗೆ ಆಕಾಶದ ಬೆಳಕು ಬೀಳುವುದಿಲ್ಲ. ಪ್ರಗ್ಯಾನ್ ಇದ್ದಿದ್ದು ಸುಮಾರು 69 ಡಿಗ್ರಿ ದಕ್ಷಿಣದಲ್ಲಿ. ಅಲ್ಲಿ ನಡುಮಧ್ಯಾಹ್ನವೂ ಸೂರ್ಯ 20 ಡಿಗ್ರಿ ಆಸುಪಾಸಿನಲ್ಲೇ ಇರುತ್ತಾನೆ. ಸಣ್ಣ ಕಲ್ಲಿಗೂ ಉದ್ದ ನೆರಳು. ಪಕ್ಕಪಕ್ಕದ ಬಿಳಿ ಬೆಳಕು, ಕಡುಗಪ್ಪು ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯಬೇಕು. ಇಲ್ಲಿ ಪಿಕ್ಸೆಲ್ ಎಷ್ಟಿವೆ ಅನ್ನುವುದಕ್ಕಿಂತ ಒಂದೊಂದು ಪಿಕ್ಸೆಲ್ ಎಷ್ಟು ಬೆಳಕು ತಡೆದುಕೊಳ್ಳುತ್ತದೆ ಅನ್ನುವುದು ಮುಖ್ಯ.

ಮೆಗಾಪಿಕ್ಸೆಲ್‌ಗೆ ಬಂದರೆ, ಡೇಟಾ ಕಳಿಸುವುದೇ ಕಷ್ಟ. ಪ್ರಗ್ಯಾನ್ ನೇರವಾಗಿ ಭೂಮಿ ಜೊತೆ ಮಾತಾಡುತ್ತಿರಲಿಲ್ಲ, ಅದನ್ನು ಚಂದ್ರನ ಮೇಲೆ ಇಳಿಸಿದ ವಿಕ್ರಮ್ ಲ್ಯಾಂಡರ್ ಮೂಲಕವೇ ಎಲ್ಲ. ಕಪ್ಪು-ಬಿಳುಪು ಯಾಕೆಂದರೆ ದೂರ ಅಳೆಯೋಕೆ ಬಣ್ಣ ಬೇಕಿಲ್ಲ. ಬಣ್ಣದ ಸೆನ್ಸರ್‌ನಲ್ಲಿ ಪಿಕ್ಸೆಲ್‌ಗಳ ಮೇಲೆ ಕೆಂಪು, ಹಸಿರು, ನೀಲಿ ಫಿಲ್ಟರ್ ಕೂತು ಬೆಳಕನ್ನು ತಿನ್ನುತ್ತವೆ. ಹಾಗಂತ ಇದು ಕಾಯಂ ಅಲ್ಲ. 2021ರಲ್ಲಿ ಮಂಗಳಕ್ಕೆ ಇಳಿದ ಪರ್ಸಿವಿಯರೆನ್ಸ್‌ನಲ್ಲಿ ಇದೇ ಕೆಲಸದ ಕ್ಯಾಮೆರಾ 20 ಮೆಗಾಪಿಕ್ಸೆಲ್, ಬಣ್ಣದ್ದು, ನೋಟ 96 ಡಿಗ್ರಿ. ಆದರೆ ಬೇಕಾದಾಗ ಚಿತ್ರವನ್ನು ಕುಗ್ಗಿಸಿ, ಇಲ್ಲವೇ ತುಂಡು ತುಂಡಾಗಿ ತೆಗೆಯುವ ಏರ್ಪಾಡು ಅದರಲ್ಲೂ ಇದೆ.

ಕೊನೆಯದಾಗಿ ಎತ್ತರ. 1970ರಲ್ಲಿ ಸೋವಿಯತ್ ಒಕ್ಕೂಟದ ಲುನೋಖೋದ್-1 ಚಂದ್ರನ ಮೇಲೆ ಓಡಿತು. ಕ್ರೈಮಿಯಾದಲ್ಲಿ ಕೂತ ಐದು ಜನರ ತಂಡ, ಸೆಕೆಂಡುಗಟ್ಟಲೆ ಬಿಟ್ಟು ಬಿಟ್ಟು ಬರುವ ಟಿವಿ ಚಿತ್ರ ನೋಡಿ ಅದನ್ನು ಓಡಿಸುತ್ತಿತ್ತು. ಕ್ಯಾಮೆರಾ ತಗ್ಗಿನಲ್ಲಿತ್ತು. ತಗ್ಗಿನಿಂದ ನೋಡಿದರೆ ಗುಂಡಿಯ ಈಚೆಯ ಅಂಚು, ಆಚೆಯ ಅಂಚು ಒಂದೇ ಗೆರೆಯಾಗಿ ಕಾಣುತ್ತವೆ. 1973ರ ಲುನೋಖೋದ್-2ರಲ್ಲಿ ಮನುಷ್ಯ ನಿಂತು ನೋಡುವಷ್ಟು ಎತ್ತರಕ್ಕೆ ಇನ್ನೊಂದು ಕ್ಯಾಮೆರಾ ಸೇರಿಸಿದರು. ಮೊದಲನೆಯದು ಸುಮಾರು 10.5 ಕಿ.ಮೀ. ಓಡಿತ್ತು, ಎರಡನೆಯದು 39 ಕಿ.ಮೀ. ಓಡಿತು. ಪೂರ್ತಿ ಕ್ಯಾಮೆರಾದಿಂದಲೇ ಅಂತ ನಾನು ಹೇಳಲ್ಲ. ಆದರೆ ನೀವು ಪ್ರಾಜೆಕ್ಟ್ ಮಾಡುವುದಾದರೆ ಸೆನ್ಸರ್ ಕೊಳ್ಳುವ ಮುಂಚೆ ಫೋನ್ ಹಿಡಿದು ಮೈದಾನಕ್ಕೆ ಹೋಗಿ. ಮೊದಲು ಮೊಣಕಾಲಿನ ಎತ್ತರದಿಂದ, ಆಮೇಲೆ ಎದೆಯ ಎತ್ತರದಿಂದ ಒಂದೇ ಗುಂಡಿಯ ಫೋಟೋ ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಕಂಬದ ಎತ್ತರ ಅಲ್ಲೇ ಗೊತ್ತಾಗುತ್ತದೆ.