ಹಿತ್ತಲು ಕ್ಲೀನ್ ಮಾಡೋಕೆ 1500 ರೂಪಾಯಿನಾ?

ಪ್ರಶ್ನೆ: ಮಳೆ ಬಂದಮೇಲೆ ನಮ್ಮ ಹಿತ್ತಲ ತುಂಬಾ ಕಾಂಗ್ರೆಸ್ ಹುಲ್ಲು. ಕೀಳೋಕೆ ಇಬ್ಬರು 1500 ರೂಪಾಯಿ ಕೇಳ್ತಿದ್ದಾರೆ, ಅದೂ ಅರ್ಧ ದಿನದ ಕೆಲಸಕ್ಕೆ. ಇದು ಜಾಸ್ತಿ ಅಲ್ವಾ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಕೇಳಿದಾಗ ಜಾಸ್ತಿ ಅನ್ನಿಸುತ್ತದೆ, ನಿಜ. ಆದರೆ 2025-26ರಲ್ಲಿ ನರೇಗಾ ಕೂಲಿಯೇ ದಿನಕ್ಕೆ 370 ರೂಪಾಯಿ ಇತ್ತು. ಅರ್ಧ ದಿನ ಅಂತೀರಿ, ಉಳಿದರ್ಧಕ್ಕೆ ಅವರಿಗೆ ಬೇರೆ ಕೆಲಸ ಯಾರು ಕೊಡ್ತಾರೆ? ಭದ್ರಾ ನಾಲೆಗೆ ನೀರು ಬಿಟ್ಟು ಸುತ್ತಲ ಹಳ್ಳಿಗಳಲ್ಲಿ ಭತ್ತದ ನಾಟಿ ಶುರುವಾದರೆ ಪೇಟೆ ಕೆಲಸಕ್ಕೆ ಆಳು ಸಿಗೋದೇ ಕಷ್ಟ, ಸಿಕ್ಕವರು ಹೇಳಿದ್ದೇ ರೇಟು.

ಚೌಕಾಸಿ ಮಾಡಿ, ಬೇಡ ಅನ್ನಲ್ಲ. ಆದರೆ ದುಡ್ಡಿಗಿಂತ ಮೊದಲು ಕೆಲಸ ಏನು ಅಂತ ಮಾತಾಡಿಕೊಳ್ಳಿ: ಬೇರುಸಮೇತ ಕೀಳೋದಾ, ಸುಮ್ನೆ ಸವರೋದಾ, ಕಸ ಸಾಗಿಸೋದು ಯಾರು, ಆಟೋ ಬಾಡಿಗೆ ಯಾರದ್ದು. ಜಗಳ ಆಗೋದು ಹೆಚ್ಚಾಗಿ ಈ ಕಸದ ವಿಷಯಕ್ಕೇ. ಇಷ್ಟಕ್ಕೆ ಇಷ್ಟು ಅಂತ ಗುತ್ತಿಗೆ ಕೊಡೋದು ಒಳ್ಳೆಯದು, ದಿನಗೂಲಿ ಅಂದರೆ ನೀವು ಗಡಿಯಾರ ನೋಡ್ತಾ ನಿಲ್ಲಬೇಕಾಗುತ್ತದೆ.

ಮಷಿನ್‌ನಲ್ಲಿ ಕತ್ತರಿಸಿದರೆ ಬೇಗ ಮುಗಿಯುತ್ತದೆ, ಆದರೆ ಈ ಹುಲ್ಲು ಬುಡದಿಂದ ಮತ್ತೆ ಚಿಗುರುತ್ತದೆ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಹಾಗಾಗಿ ಹೂ ಬಿಡುವ ಮೊದಲೇ, ನೆಲ ಹಸಿ ಇರುವಾಗ ಕೀಳಿಸಿ. ಕೈಗವಸು ನೀವೇ ಕೊಡಿ, ಇದು ತಾಗಿದರೆ ಕೆಲವರಿಗೆ ಮೈಯೆಲ್ಲ ತುರಿಕೆ. ಮಧ್ಯೆ ಒಂದು ಚಹಾ, ಮಂಡಕ್ಕಿ ಕೊಟ್ಟರೆ ಮುಂದಿನ ಸಲ ಕರೆದಾಗ ಬರ್ತಾರೆ.