ಸಣ್ಣ ಫ್ರೇಮಿನ ಸ್ಟೀಲ್ ಬೈಕ್ ಮಾರುವ ಮುಂಚೆ

ನಮಸ್ಕಾರ. ನೀವು ಮಾರಲಿರುವುದು 49 ಸೆಂ.ಮೀ. ಸ್ಟೀಲ್ ರೋಡ್ ಬೈಕ್ (ಸೈಕಲ್), ನೋಡೋಕೆ ಬರುವವರು ಚಿಂತಾಮಣಿಯ ಸೈಕ್ಲಿಸ್ಟ್, ಅವರಿಗೆ ಏನೇನು ಹೇಳಬೇಕು ಅಂತ ಕೇಳಿದ್ದೀರಿ.

ಮೊದಲು ಟಾಪ್ ಟ್ಯೂಬಿನ (ಸೀಟಿನ ಕೆಳಗಿನಿಂದ ಹ್ಯಾಂಡಲ್ ಕಡೆಗೆ ಹೋಗುವ ಮೇಲಿನ ಕೊಳವೆ) ಉದ್ದ ಅಳೆದು ಕಳಿಸಿ. 49 ಅನ್ನೋದು ಸಾಮಾನ್ಯವಾಗಿ ಸೀಟ್ ಟ್ಯೂಬಿನ, ಅಂದರೆ ಸೀಟಿನ ಕೆಳಗೆ ನಿಂತಿರುವ ಕೊಳವೆಯ ಅಳತೆ, ಹ್ಯಾಂಡಲ್ ಆರಾಮಾಗಿ ಎಟುಕುತ್ತದೋ ಇಲ್ಲವೋ ಅದರಿಂದ ಗೊತ್ತಾಗುವುದಿಲ್ಲ. ಇಷ್ಟು ಸಣ್ಣ ಫ್ರೇಮಿಗೆ 700ಸಿ (ರೋಡ್ ಬೈಕಿನ ಮಾಮೂಲಿ ದೊಡ್ಡ ಅಳತೆ) ಚಕ್ರ ಇದ್ದರೆ, ನಿಧಾನಕ್ಕೆ ಹ್ಯಾಂಡಲ್ ತಿರುಗಿಸುವಾಗ ಶೂ ತುದಿ ಮುಂದಿನ ಟೈರಿಗೆ ತಾಗಬಹುದು. ದೋಷವೇನಲ್ಲ, ಆದರೂ ಮೊದಲೇ ಹೇಳಿಬಿಡಿ.

ಪೇಂಟ್ ಎದ್ದಲ್ಲಿ ಕಾಣುವ ಮೇಲ್ಮೇಲಿನ ತುಕ್ಕಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸೀಟ್ ಪೋಸ್ಟ್ (ಸೀಟು ಹೊತ್ತ ಕಂಬಿ) ಹೊರಗೆಳೆದು, ಒಳಗೆ ತುಕ್ಕಿದೆಯಾ ಅಂತ ಸೀಟ್ ಟ್ಯೂಬಿನೊಳಗೆ ಟಾರ್ಚ್ ಬಿಟ್ಟು ನೋಡಿ. ಸ್ಟೀಲ್ ಫ್ರೇಮಿನಲ್ಲಿ ಅಲ್ಯೂಮಿನಿಯಂ ಪೋಸ್ಟ್ ವರ್ಷಗಟ್ಟಲೆ ಅಲುಗದೆ ಕೂತರೆ ಕಚ್ಚಿಕೊಂಡುಬಿಡುತ್ತದೆ. ಆಗ ಕೊಂಡವರಿಗೆ ಸೀಟು ಏರಿಸೋಕೂ ಆಗದು, ಬೆಲೆ ಇಳಿಸಲೇಬೇಕು. ಸಲೀಸಾಗಿ ಬಂತಾ? ಒರೆಸಿ, ಗ್ರೀಸ್ ಸವರಿ ವಾಪಸ್ ಹಾಕಿ.

ಟ್ರಯಲ್‌ಗೆ ನಂದಿ ಬೆಟ್ಟದ ಏರಿನಲ್ಲೇ ಸ್ವಲ್ಪ ದೂರ ಓಡಿಸಲಿ. ಚಿಕ್ಕಬಳ್ಳಾಪುರದ ಪೇಟೆಯೊಳಗೆ ಸುಮ್ನೆ ಒಂದು ಸುತ್ತು ಹೊಡೆದರೆ ಏನೂ ತಿಳಿಯುವುದಿಲ್ಲ. ಪೆಡಲ್ ಮೇಲೆ ಭಾರ ಬಿದ್ದಾಗಲೇ ಸವೆದ ಚೈನ್ ಹಲ್ಲು ಬಿಟ್ಟು ಜಿಗಿಯೋದು. ಇಳಿಜಾರಿನಲ್ಲಿ ಬ್ರೇಕಿನ ಬಂಡವಾಳವೂ ಗೊತ್ತಾಗುತ್ತದೆ, ಅಲ್ವಾ? ಹಾಗಾಗಿ ಬ್ರೇಕ್ ಪ್ಯಾಡ್ ಸವೆದಿದ್ದರೆ ಅವರು ಬರುವ ಮೊದಲೇ ಬದಲಾಯಿಸಿ.

ಹಳೆ ಬಿಲ್ ಇದ್ದರೆ ಜೊತೆಗೆ ಕೊಡಿ.